ಕಾಳಿಗೆ ಕಾವಲು ಕೂತ ಬೇವು

ರೋಣ ಸೀಮೆಯ ಹೊಳೆಆಲೂರಿನ ಕಡೆ ಮುಂಗಾರಿ ಹೆಸರಿಗೆ ಎಡೆ ಹೊಡೆಯುವ ಹೊತ್ತಿಗೇ ಬೇವಿನ ಹಣ್ಣು ಉದುರುತ್ತವೆ. ಜೂನ್ ಕಳೆದು ಜುಲೈ ಹಿಡಿಯುವಾಗ ಹೊಲದ ಬದು, ಬಂಡಿದಾರಿ, ಗುಡಿಕಟ್ಟೆ ಎಲ್ಲೆಡೆ ಹಳದಿ ಹಾಸು. ಒಂದಿಷ್ಟು ಬೀಜವನ್ನು ಹೆಣ್ಣುಮಕ್ಕಳು ಆಯ್ದು ಮಾರುತ್ತಾರೆ. ಉಳಿದದ್ದು ಮಳೆಗೆ ಕೊಳೆತು ಎರೆಮಣ್ಣು ಸೇರುತ್ತದೆ. ಅದೇ ಬೀಜದ ಎಣ್ಣೆ ಪೇಟೆಯಲ್ಲಿ ‘ನೈಸರ್ಗಿಕ ಸೊಳ್ಳೆ ನಿವಾರಕ’ ಎಂಬ ಚೀಟಿ ಹಚ್ಚಿಕೊಂಡು ಪುಟ್ಟ ಬಾಟಲಿಯಲ್ಲಿ ಕೂತಿರುತ್ತದೆ. ಮನೆಯಲ್ಲಿ ಕೂಸು ಇರುವವರು ರಾಸಾಯನಿಕ ಬತ್ತಿಗೆ ಹೆದರಿ ಇದನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಲೆಮನ್‌ಗ್ರಾಸ್, ಸಿಟ್ರೊನೆಲ್ಲಾ, ನೀಲಗಿರಿಗೂ ಈಗ ಗಿರಾಕಿ ಇದೆ.

ಹುಳಹುಪ್ಪಟೆಯನ್ನು ಗಿಡಮರದಿಂದಲೇ ದೂರವಿಡುವ ಈ ವಿದ್ಯೆ ರೋಣದ ಎರೆನಾಡಿಗೆ ಹೊಸದಲ್ಲ. ಬಿಳಿಜೋಳ, ಕಡಲೆ, ಹೆಸರು ಬೆಳೆಯುವ ಊರಿಗೆ ಬೆಳೆಯುವುದಕ್ಕಿಂತ ಕಾಯುವುದೇ ದೊಡ್ಡ ಚಿಂತೆ. ನುಸಿ ಹೊಕ್ಕರೆ ವರ್ಷದ ಊಟ ಹಿಟ್ಟಾಗಿ ಹೋಗುತ್ತದೆ. ಅದಕ್ಕೇ ಹಗೇವು ಇತ್ತು: ನೆಲದೊಳಗೆ ತೋಡಿದ ಕಣಜ. ಒಳಗೋಡೆಗೆ ಜೋಳದ ಕಣಿಕೆ, ಹೊಟ್ಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯ ಆಮ್ಲಜನಕ ತೀರಿ ಹುಳ ತಾನೇ ಸಾಯುತ್ತಿತ್ತು. ಮನುಷ್ಯನ ಉಸಿರನ್ನೂ ಆ ಗಾಳಿ ಕಟ್ಟಬಲ್ಲದು. ಆದ್ದರಿಂದ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಮನೆಯೊಳಗಿನ ವಾಡೆ, ಚೀಲಗಳ ಕಾಳಿನ ನಡುವೆ ನೆರಳಲ್ಲಿ ಒಣಗಿಸಿದ ಬೇವಿನ ತಪ್ಪಲು. ಬೇಳೆಗೆ ಹರಳೆಣ್ಣೆಯ ಕೈ. ಬೀಜಕ್ಕಿಟ್ಟ ಕಾಳಿಗೆ ಬೂದಿ. ಎಣ್ಣೆ ಸವರಿದ ಕಾಳಿನ ಮೇಲೆ ಹುಳ ಮೊಟ್ಟೆ ಇಟ್ಟರೂ ಅದು ಉಸಿರು ಸಿಗದೆ ಸಾಯುತ್ತದೆ ಎಂದು ಇಂದಿನ ಕೀಟಶಾಸ್ತ್ರವೂ ಒಪ್ಪುತ್ತದೆ. ಲಕ್ಕಿ ತಪ್ಪಲು, ಬಜೆ ಬೇರು ಕೂಡ ಇದೇ ಕೆಲಸದ ಸಂಗಾತಿಗಳು.

ಸಂಜೆಯ ಹೊಗೆ ಬೇರೆ ಮಾತು. ಮಲಪ್ರಭೆಯ ದಂಡೆಯ ಊರಿಗೆ ಗುಂಗಾಡಿನ ಕಾಟ ತಪ್ಪಿದ್ದಲ್ಲ. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆ ಉಕ್ಕಿ ಈ ಸೀಮೆಯ ಊರುಗಳಿಗೆ ನುಗ್ಗಿತ್ತು. ಅಂಥ ನೀರು ಇಳಿದ ಮೇಲೆ ಉಳಿಯುವ ಕೆಸರುಗುಂಡಿಗಳೇ ಸೊಳ್ಳೆಯ ತೊಟ್ಟಿಲು. ದನ ಕಟ್ಟುವಲ್ಲಿ ಕುಳ್ಳಿನ ಕೆಂಡದ ಮೇಲೆ ಹಸಿ ಬೇವಿನ ತಪ್ಪಲು ಹಾಕಿ ಹೊಗೆ ಎಬ್ಬಿಸುವುದು ಹಳೆಯ ರೂಢಿ. ಬಯಲಲ್ಲಿ ಕಟ್ಟಿದ ಎತ್ತಿಗೆ ಅದು ಸರಿ. ಬಾಗಿಲು ಮುಚ್ಚಿ ಕೂಸು ಮಲಗಿದ ಕೋಣೆಯಲ್ಲಿ ಯಾವ ಹೊಗೆಯೂ ಬೇಡ, ಬೇವಿನದೂ ಬೇಡ.

ಬೇವಿನ ಗುಣಕ್ಕೆ ಜಗತ್ತು ಸಾಕ್ಷಿ ಹುಡುಕಿದ್ದು ತಡವಾಗಿ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಎಲ್ಲ ಹಸಿರನ್ನೂ ಮೇಯ್ದು ಬೇವನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಕೀಟತಜ್ಞ ಹೈನ್ರಿಶ್ ಶ್ಮುಟ್ಟರರ್ ಕಂಡರು. 1968ರಲ್ಲಿ ಬೀಜದಿಂದ ಅಜಾಡಿರಕ್ಟಿನ್ ಎಂಬ ಅಂಶ ಬೇರ್ಪಟ್ಟಿತು. ಅದು ಹುಳವನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ. ಮೇಯಲು ಬಿಡುವುದಿಲ್ಲ, ಪೊರೆ ಕಳಚಲು ಬಿಡುವುದಿಲ್ಲ. ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿದರೆ ಮಲೇರಿಯಾ ಸೊಳ್ಳೆ ಕಡಿಯದೆಂದು ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು 1993ರಲ್ಲಿ ಬರೆದರು. ಮರುವರ್ಷವೇ ಯುರೋಪಿನ ಪೇಟೆಂಟ್ ಕಚೇರಿ ಬೇವಿನೆಣ್ಣೆಯ ಶಿಲೀಂಧ್ರನಾಶಕಕ್ಕೆ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೂ ಅಲ್ಲಿನ ಕೃಷಿ ಇಲಾಖೆಗೂ ಹಕ್ಕು ಬರೆದುಕೊಟ್ಟಿತು! ನಮ್ಮ ರೈತರು ಮೊದಲಿನಿಂದ ಬಳಸಿದ್ದೇ ಇದು ಎಂಬ ವಾದ ಗೆದ್ದು 2000ದಲ್ಲಿ ಆ ಪೇಟೆಂಟ್ ರದ್ದಾಯಿತು; 2005ರಲ್ಲಿ ಮೇಲ್ಮನವಿಯೂ ಬಿತ್ತು. ಹಗೇವಿನ ಬಾಯಿಗೆ ಮಣ್ಣು ಮೆತ್ತಿದ ಕೈಗಳಿಗೆ ಸಂದ ನ್ಯಾಯ ಅದು ಎಂದೇ ನಾನು ತಿಳಿದಿದ್ದೇನೆ.

ಬೇಡಿಕೆ ಏರಿದಂತೆ ಮೋಸವೂ ಏರಿದೆ. ಪೊಟ್ಟಣದ ಮೇಲೆ ಬೇವಿನ ಎಲೆಯ ಚಿತ್ರ, ಒಳಗೆ ನೋಂದಣಿಯೇ ಇಲ್ಲದ ರಾಸಾಯನಿಕ: ಇಂಥ ಊದುಬತ್ತಿಗಳು ಪೇಟೆಯಲ್ಲಿವೆ. 1968ರ ಕೀಟನಾಶಕ ಕಾಯ್ದೆಯಡಿ ನೋಂದಾದ ಸರಕಿನ ಮೇಲೆ ಸಿ.ಐ.ಆರ್. ಸಂಖ್ಯೆ ಇರಬೇಕು. ಚಿತ್ರ ಬಿಟ್ಟು ಆ ಸಂಖ್ಯೆ ನೋಡಿ, ಒಳಗೇನಿದೆ ಎಂಬ ಸಾಲು ಓದಿ. ಸಸ್ಯದ್ದು ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಬೇವಿನೆಣ್ಣೆ ಎಳೆಕೂಸಿನ ಹೊಟ್ಟೆಗೆ ಹೋದರೆ ಜೀವಕ್ಕೇ ಕುತ್ತು.

ಇನ್ನು ಬೀಜದ ಕೆಲಸ. ಇದು ಸಣ್ಣದಲ್ಲ. ಹಣ್ಣಾದದ್ದನ್ನೇ ಆಯಬೇಕು, ಅಂದಂದೇ ಹಣ್ಣಿನ ತಿರುಳು ತೊಳೆಯಬೇಕು, ನೆರಳಲ್ಲಿ ತೆಳ್ಳಗೆ ಹರವಬೇಕು. ಸುಡುಬಿಸಿಲು ಅಜಾಡಿರಕ್ಟಿನ್ ಕೆಡಿಸುತ್ತದೆ. ಹಸಿ ಉಳಿದರೆ ಬೂಸು ಹಿಡಿಯುತ್ತದೆ. ತುಂಬಲು ಪ್ಲಾಸ್ಟಿಕ್ ಬೇಡ, ಗೋಣಿಚೀಲವೇ ಆಗಬೇಕು. ಇಷ್ಟು ಜತನ ಮಾಡಿದ ಬೀಜಕ್ಕೂ, ಕೆಸರಿನಿಂದ ಬಾಚಿ ತಂದ ಬೀಜಕ್ಕೂ ಒಂದೇ ದರ ಕಟ್ಟಿದರೆ ಜತನ ಮಾಡುವವರು ಯಾರು? ಹೊಳೆಆಲೂರಿನಲ್ಲಿ ಎಪಿಎಂಸಿ ಇದೆ, ಗದಗ–ಹೊಟಗಿ ಮಾರ್ಗದ ರೈಲು ನಿಲ್ದಾಣವೂ ಇದೆ. ಬೀಜವನ್ನು ಗುಣ ನೋಡಿ ಕೊಳ್ಳುವ ಏರ್ಪಾಡು ಇಲ್ಲಿ ಆಗಬೇಕು.

ಮನೆಮಟ್ಟಿಗೆ ಅಷ್ಟು ಕಾಯಬೇಕಾಗಿಲ್ಲ. 5 ಕೆ.ಜಿ. ಬೇವಿನ ಬೀಜದೊಳಗಿನ ತಿರುಳನ್ನು ಕುಟ್ಟಿ ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿದರೆ ಬೆಳೆಗೆ ಹೊಡೆಯುವ ಕಷಾಯ ಸಿದ್ಧ. ಈ ಸಲ ಹಣ್ಣು ಉದುರಿದಾಗ ಒಂದು ಪುಟ್ಟಿ ಆಯ್ದು ನೆರಳಿಗೆ ಹರವಿ ಇಡಿ.