ಕಾಗದದಲ್ಲಿ ನಡೆದ ಸಂಸಾರ

ಅಮೆರಿಕದ ಮೊದಲನೇ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎಂದು ನಮಗೆಲ್ಲ ಗೊತ್ತು. ಎರಡನೆಯವರು ಯಾರು ಗೊತ್ತಾ? ಜಾನ್ ಆಡಮ್ಸ್. ಅವರ ಹೆಂಡತಿ ಅಬಿಗೈಲ್. ಈ ಗಂಡ ಹೆಂಡತಿ ಬರೆದುಕೊಂಡ 1,100ಕ್ಕೂ ಹೆಚ್ಚು ಕಾಗದಗಳು ಇಂದಿಗೂ ಇವೆ.

ಅಬಿಗೈಲ್ ಹುಟ್ಟಿದ್ದು 1744ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಅವರು ಶಾಲೆಗೇ ಹೋಗಲಿಲ್ಲ. ತಂದೆ ಚರ್ಚಿನ ಪಾದ್ರಿ. ಮನೆಯಲ್ಲಿದ್ದ ಪುಸ್ತಕ ಓದಿಯೇ ಕಲಿತರು. 1764ರಲ್ಲಿ ವಕೀಲರಾಗಿದ್ದ ಜಾನ್ ಜೊತೆ ಮದುವೆಯಾಯಿತು.

ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ ಇತ್ತು. 1774ರಲ್ಲಿ ಜಾನ್ ದೇಶದ ಕೆಲಸಕ್ಕೆಂದು ಸುಮಾರು 300 ಮೈಲಿ ದೂರದ ಫಿಲಡೆಲ್ಫಿಯಾ ನಗರಕ್ಕೆ ಹೊರಟರು. ಆಮೇಲೆ ಫ್ರಾನ್ಸ್ ದೇಶಕ್ಕೂ ಹೋದರು. ಗಂಡ ಹೆಂಡತಿ ವರ್ಷಗಟ್ಟಲೆ ಬೇರೆ ಬೇರೆ ಇರಬೇಕಾಯಿತು.

ಹಾಗಾದರೆ ಮನೆ ನಡೆಸಿದ್ದು ಯಾರು? ಅಬಿಗೈಲ್. ಹೊಲ ಮಾಡಿಸಿದರು, ಆಳುಗಳಿಗೆ ಕೂಲಿ ಕೊಟ್ಟರು, ತೆರಿಗೆ ಕಟ್ಟಿದರು, ನಾಲ್ಕು ಮಕ್ಕಳನ್ನು ನೋಡಿಕೊಂಡರು. 1776ರ ಜುಲೈನಲ್ಲಿ ಜಾನ್ ಸ್ವಾತಂತ್ರ್ಯ ಘೋಷಣೆಯ ಕೆಲಸದಲ್ಲಿದ್ದರು. ಇತ್ತ ಸಿಡುಬು ಹರಡಿತ್ತು. ಅಬಿಗೈಲ್ ಮಕ್ಕಳನ್ನು ಬಾಸ್ಟನ್ ನಗರಕ್ಕೆ ಕರೆದುಕೊಂಡು ಹೋಗಿ ಸಿಡುಬು ತಡೆಯಲು ಚುಚ್ಚಿಸಿದರು. ಹಾಗೆ ಚುಚ್ಚಿಸಿಕೊಂಡು ಸತ್ತವರೂ ಆಗ ಇದ್ದರು. ಆದರೂ ಧೈರ್ಯ ಮಾಡಿದರು. ಮಕ್ಕಳೆಲ್ಲ ಉಳಿದರು. ಅವರಲ್ಲಿ ಒಬ್ಬರಾದ ಜಾನ್ ಕ್ವಿನ್ಸಿ 1825ರಲ್ಲಿ ಅಮೆರಿಕದ 6ನೇ ಅಧ್ಯಕ್ಷರಾದರು.

ಜಾನ್ ರಾಜಕೀಯದ ವಿಷಯವನ್ನೂ ಹೆಂಡತಿಗೆ ಬರೆಯುತ್ತಿದ್ದರು. ಕಾಗದದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಯ ಸ್ನೇಹಿತರೇ ಎಂದು ಕರೆಯುತ್ತಿದ್ದರು. ಆದರೆ ಒಂದು ಮಾತನ್ನು ಮಾತ್ರ ಜಾನ್ ಕೇಳಲಿಲ್ಲ. 1776ರ ಮಾರ್ಚ್ 31ರಂದು ಅಬಿಗೈಲ್ ಒಂದು ಕಾಗದ ಬರೆದರು. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೀಬಾರದು, ಎಲ್ಲಾ ಅಧಿಕಾರ ಗಂಡಂದಿರ ಕೈಗೇ ಕೊಡಬಾರದು ಎಂದು ಅದರಲ್ಲಿ ಹೇಳಿದ್ದರು. ಇದನ್ನು ಓದಿ ನಗು ಬಂತು ಅಂತ ಜಾನ್ ಉತ್ತರ ಕೊಟ್ಟರು! ಹೆಂಗಸರ ಮತದಾನದ ಹಕ್ಕು ಅಮೆರಿಕದ ಸಂವಿಧಾನದಲ್ಲಿ ಸೇರಿದ್ದು 1920ರಲ್ಲಿ. ಅಂದರೆ 144 ವರ್ಷ ಆದಮೇಲೆ.

ಆಗಿನ ಕಾನೂನಿನಂತೆ ಮದುವೆಯಾದ ಹೆಂಗಸಿನ ಹಣವೂ ಗಂಡನದೇ. ಆದರೂ 1816ರಲ್ಲಿ ಅಬಿಗೈಲ್ ಒಂದು ಉಯಿಲು ಬರೆದರು. ತಮ್ಮ ಹಣ, ಬಟ್ಟೆ, ಒಡವೆಗಳನ್ನು ಹೆಚ್ಚಾಗಿ ಮೊಮ್ಮಗಳಂದಿರು, ಸೊಸೆಯರು ಮತ್ತು ಮನೆಕೆಲಸದ ಹೆಂಗಸರಿಗೆ ಬರೆದಿಟ್ಟರು. 1818ರಲ್ಲಿ ತೀರಿಕೊಂಡರು. ಆ ಉಯಿಲು ನಡೆಯೋದಿಲ್ಲ ಎಂದು ಜಾನ್ ಹೇಳಬಹುದಿತ್ತು. ಹೇಳಲಿಲ್ಲ. ಅದರಲ್ಲಿ ಇದ್ದ ಹಾಗೆಯೇ ಹಂಚಿಸಿದರು. ನಗು ಬಂತು ಅಂದಿದ್ದವರೇ 42 ವರ್ಷದ ಮೇಲೆ ಹೆಂಡತಿಯ ಮಾತು ನಡೆಸಿಕೊಟ್ಟರು.

ಗೆಳೆಯ ಗೆಳತಿಯರೇ, ದೇಶ ಕಟ್ಟಿದವರ ಹೆಸರನ್ನು ನಾವು ಪಾಠದಲ್ಲಿ ಓದುತ್ತೇವೆ. ಅವರು ಊರು ಬಿಟ್ಟು ಹೋದಾಗ ಮನೆ, ಹೊಲ ಯಾರು ನೋಡಿಕೊಂಡರು ಅಂತಲೂ ಕೇಳೋಣ.