ರೇಡಿಯೋದ ಕಿವಿಗೆ ಎಣ್ಣೆ ಬಿಡಬೇಡಿ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ನಮ್ಮ ಕಡೆಯ ಮೈಕ್ ಸೆಟ್ಟಿನವರಿಗೂ ಹೆಚ್ಚುಕಡಿಮೆ ರಜೆ. ಮೇ ಕೊನೆಯಿಂದ ಅಷ್ಟಮಿಯವರೆಗೆ ಆಂಪ್ಲಿಫೈಯರ್ ಗೋಣಿ ಹೊದ್ದು ಮೂಲೆಯಲ್ಲಿ ಕೂರುತ್ತದೆ. ಆಮೇಲೆ ಬಂಟ್ವಾಳದಲ್ಲೋ ಮೂಡುಬಿದಿರೆಯಲ್ಲೋ ಮೊಸರುಕುಡಿಕೆಗೆಂದು ಹೊರತೆಗೆದು ವಾಲ್ಯೂಮ್ ತಿರುಗಿಸಿದರೆ, ಹಂಚಿನ ಮೇಲೆ ಹೊಯಿಗೆ ಎಳೆದ ಹಾಗೆ ಕರಕರ ಸದ್ದು. ಮನೆಯ ಚಾವಡಿಯಲ್ಲಿರುವ ಮರ್ಫಿ, ಫಿಲಿಪ್ಸ್ ರೇಡಿಯೋಗಳದ್ದೂ ಟೇಪ್ ರೆಕಾರ್ಡರುಗಳದ್ದೂ ಇದೇ ಪಾಡು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಆ ಕಾಲದಲ್ಲಿ ಕೊಂಡ ಸೆಟ್ಟು ಇನ್ನೂ ಹಾಡುತ್ತಿರುವ ಮನೆಗಳಲ್ಲಿ ಈ ಕರಕರ ಕೇಳಿದೊಡನೆ ಬರುವ ತೀರ್ಪು ಒಂದೇ: "ಪ್ರಾಯ ಆಯ್ತು, ಒಳಗೆ ಸವೆದುಹೋಗಿದೆ."

ಸಾಮಾನ್ಯವಾಗಿ ಸವೆದಿರುವುದಿಲ್ಲ. ವಾಲ್ಯೂಮ್ ಕಂಟ್ರೋಲಿನ ಒಳಗೆ ಕುದುರೆಲಾಳದ ಆಕಾರದ ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಸರಿದಾಡುವ ಒಂದು ಲೋಹದ ಬೆರಳು, ಇಷ್ಟೇ ಇರುವುದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಆ ಬೆರಳಿಗೆ ಕಿಲುಬು ಹಿಡಿಯುತ್ತದೆ, ಪಟ್ಟಿಯ ಮೇಲೆ ಧೂಳು ತೇವ ಕುಡಿದು ಅಂಟಿಕೊಳ್ಳುತ್ತದೆ. ಬೆರಳು ಅದನ್ನು ಹತ್ತಿ ಇಳಿಯುವಾಗ ಸಂಪರ್ಕ ತಪ್ಪಿ ಮತ್ತೆ ಕೂಡುತ್ತದೆ. ಕರಕರ ಎಂದರೆ ಅದು. ಗಮನಿಸಿ ನೋಡಿ: ದಿನಾ ತಿರುಗಿಸುವ ವಾಲ್ಯೂಮಿಗಿಂತ, ಯಾರೂ ಮುಟ್ಟದ ಬ್ಯಾಲೆನ್ಸ್ ಮತ್ತು ಟೋನ್ ಕಂಟ್ರೋಲುಗಳೇ ಎಷ್ಟೋ ಸಲ ಹೆಚ್ಚು ಕೆಟ್ಟಿರುತ್ತವೆ. ಸವೆತವೇ ಕಾರಣವಾಗಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ಆದ್ದರಿಂದ ಮೊದಲ ಮದ್ದು ಪುಕ್ಕಟೆಯದು. ಪ್ಲಗ್ ಕಿತ್ತು, ಪ್ರತಿಯೊಂದು ಗುಂಡಿಯನ್ನೂ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಅರ್ಧಕ್ಕರ್ಧ ಕಾಯಿಲೆ ಅಲ್ಲಿಗೇ ವಾಸಿಯಾದೀತು, ಮುಂದಿನ ತೇವದವರೆಗಾದರೂ.

ಎರಡನೆಯ ನಂಬಿಕೆ ತೆಂಗಿನೆಣ್ಣೆಯದು. ರೇಡಿಯೋದ ಕಿವಿ ಹಿಂಡುವುದು ಎಂಬ ಮಾತು ನಮ್ಮಲ್ಲಿದೆಯಲ್ಲ. ಕಿವಿ ನೋವೆಂದರೆ ಬೆಚ್ಚಗಿನ ಎಣ್ಣೆ ಬಿಡುವ ಅಜ್ಜಿಯರ ಊರಿನಲ್ಲಿ ರೇಡಿಯೋದ ಕಿವಿಗೂ ಎರಡು ತೊಟ್ಟು ಬೀಳದೆ ಇದ್ದೀತೇ? ನಾನೂ ಬಿಟ್ಟವನೇ. ಮೊದಲ ದಿನ ಸದ್ದು ನಿಂತಿತ್ತು, ಹೆಮ್ಮೆಯೂ ಆಗಿತ್ತು. ನಿಜವಾಗಿ ಕೊಳೆ ಸರಿಸಿದ್ದು ನಾನು ಗುಂಡಿ ತಿರುಗಿಸಿದ ರಭಸ. ಹೆಸರು ಬಂದದ್ದು ಎಣ್ಣೆಗೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಳ್ತಂಗಡಿಯಾಚೆ ಚಾರ್ಮಾಡಿ ಘಾಟಿಯ ಬುಡದಲ್ಲಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಡಿಸೆಂಬರಿನ ಬೆಳಗ್ಗೆ ಬಾಟಲಿಯಿಂದ ಎಣ್ಣೆ ಇಳಿಯುವುದೇ ಇಲ್ಲ. ಕಂಟ್ರೋಲಿನ ಒಳಗೂ ಅದೇ ಕತೆ. ಸಾಲದ್ದಕ್ಕೆ ಅದು ಕನರಿ, ಜಿಗುಟಾಗಿ, ಬಂದ ಧೂಳನ್ನೆಲ್ಲ ಹಿಡಿದು ಕೂರಿಸಿಕೊಳ್ಳುತ್ತದೆ. ಹೊಲಿಗೆ ಮೆಷಿನಿನ ಎಣ್ಣೆ ಕನರುವುದಿಲ್ಲ, ಆದರೆ ಧೂಳಿನ ವಿಷಯದಲ್ಲಿ ಅದೂ ಕಡಿಮೆಯದಲ್ಲ.

ಈಗಿನವರು ಎಣ್ಣೆ ಬಿಟ್ಟು ಡಬ್ಲ್ಯುಡಿ-40ರ ನೀಲಿ ಡಬ್ಬಿ ಹಿಡಿದಿದ್ದಾರೆ. ಅದು 1953ರಲ್ಲಿ ಅಮೆರಿಕದಲ್ಲಿ ತುಕ್ಕು ತಡೆಯಲೆಂದು ತಯಾರಾದ ದ್ರವ. ನೀರನ್ನು ದೂಡುವ ಮದ್ದು ನಲ್ವತ್ತನೆಯ ಪ್ರಯತ್ನಕ್ಕೆ ಸಿದ್ಧಿಸಿತು ಎಂಬುದೇ ಆ ಹೆಸರಿನ ಅರ್ಥ. ಬಾಗಿಲ ತಿರುಗಣಿಗೆ ಬಹಳ ಒಳ್ಳೆಯದು. ಕಂಟ್ರೋಲಿನೊಳಗೆ ಕಾರ್ಖಾನೆಯವರು ಹಚ್ಚಿದ ಗ್ರೀಸನ್ನು ತೊಳೆದು, ಆ ಜಾಗದಲ್ಲಿ ತೆಳು ಎಣ್ಣೆಪಸೆ ಬಿಟ್ಟು ಹೋಗುತ್ತದೆ. ಅದೇ ಕಂಪನಿ ಕಾಂಟ್ಯಾಕ್ಟ್ ಕ್ಲೀನರನ್ನು ಬೇರೆಯೇ ಡಬ್ಬಿಯಲ್ಲಿ ಮಾರುತ್ತದೆ. ಇದಕ್ಕಿಂತ ಸಾಕ್ಷಿ ಬೇಕೇ?

ಪೆಟ್ರೋಲು, ಥಿನ್ನರುಗಳ ಸುದ್ದಿಯೇ ಬೇಡ. ಬೆಂಕಿಯ ಭಯ ಒಂದು, ಪ್ಲಾಸ್ಟಿಕ್ ಡಯಲ್ ಕರಗುವುದು ಇನ್ನೊಂದು. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರಿನಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ, ಅದು ಕೈಗಷ್ಟೇ ಇರಲಿ. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್ ಜಿಡ್ಡು ತೆಗೆಯುತ್ತದೆ. ಜೊತೆಗೆ ಒಳಗಿನ ಗ್ರೀಸನ್ನೂ ತೆಗೆದು ಒಣಗಿಸಿಬಿಡುತ್ತದೆ. ಕಂಟ್ರೋಲುಗಳಿಗೆ ಬೇಕಾದದ್ದು ಸ್ವಲ್ಪ ಜಾರುಪಸೆ ಉಳಿಸಿ ಹೋಗುವ, ಪ್ಲಾಸ್ಟಿಕ್ಕಿಗೆ ಅಪಾಯವಿಲ್ಲವೆಂದು ಬರೆದಿರುವ ಕ್ಲೀನರ್. ಅದನ್ನೂ ಮುಂದಿನಿಂದ ಗುಂಡಿಯ ದಂಟಿಗೆ ಸಿಂಪಡಿಸಿದರೆ ಒಳಗೆ ತಲುಪುವುದಿಲ್ಲ. ಹಿಂದೆ, ಮೂರು ಕಾಲುಗಳು ಹೊರಬರುವ ಕಡೆ ಸಣ್ಣ ಸಂದು ಇರುತ್ತದೆ, ಕೊಳವೆಯ ತುದಿ ಅಲ್ಲಿಗೆ ಹೋಗಬೇಕು. ಒಂದೇ ಒಂದು ಚಿಮ್ಮು, ಆಮೇಲೆ ತಿರುಗಿಸುವುದು, ಪೂರ್ತಿ ಆರಿದ ಮೇಲೆ ಕರೆಂಟು.

ಸ್ವಿಚ್ಚುಗಳಿಗೆ ಮರಳು ಕಾಗದ ಉಜ್ಜುವವರಿದ್ದಾರೆ. ಕಪ್ಪಾಗಿ ಕಾಣುವುದು ಬೆಳ್ಳಿಯ ಲೇಪ, ಬೆಳ್ಳಿಯ ಕಾಲುದೀಪದ ಹಾಗೆಯೇ ಗಾಳಿಗೆ ಕಪ್ಪಾಗಿರುತ್ತದೆ. ಉಜ್ಜಿದರೆ ಕಪ್ಪಿನೊಂದಿಗೆ ಬೆಳ್ಳಿಯೂ ಹೋಗಿ ಹಿತ್ತಾಳೆ ಹೊರಬೀಳುತ್ತದೆ, ಅದಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ನುಣುಪು ಲೇಪವಿಲ್ಲದ ದಪ್ಪ ಮದುವೆ ಕಾಗದದಿಂದ ಒಂದು ಪಟ್ಟಿ ಕತ್ತರಿಸಿ, ಕ್ಲೀನರಿನಲ್ಲಿ ಅದ್ದಿ, ಸಂಪರ್ಕಗಳ ನಡುವೆ ಎಳೆದರೆ ಸಾಕು. (ನಮ್ಮ ಮನೆಗಳಲ್ಲಿ ಆ ಕಾಗದಕ್ಕೆ ಬರಗಾಲವಿಲ್ಲ.) ಟೇಪ್ ರೆಕಾರ್ಡರಿನ ಒಳಗೆ ರೆಕಾರ್ಡ್-ಪ್ಲೇ ಸ್ವಿಚ್ ಎಂಬ ಉದ್ದನೆಯದೊಂದಿದೆ. ಒಂದು ಬದಿ ಮೂಕವಾದರೆ "ಸ್ಪೀಕರ್ ಹೋಯ್ತು" ಎಂದು ಬಿ.ಸಿ.ರೋಡಿಗೆ ಓಡುವ ಮುನ್ನ ಅದನ್ನು ಹತ್ತಾರು ಸಲ ಆಡಿಸಿ ನೋಡಿ. ಬಿಡಿ ಸ್ಪೀಕರುಗಳ ಸೆಟ್ಟಾದರೆ ಎಡಬಲದ ವೈರುಗಳನ್ನು ಅದಲುಬದಲು ಮಾಡಿ: ಮೌನವೂ ಬದಿ ಬದಲಿಸಿದರೆ ಸ್ಪೀಕರ್ ನಿರಪರಾಧಿ.

ಎಲ್ಲ ಮಾಡಿಯೂ ಕರಕರ ಹೋಗದಿದ್ದರೆ? "ಇನ್ನೊಂದು ಡಬ್ಬಿ ಹೊಡೆಯುವ" ಎನ್ನುವುದು ಅತ್ಯಂತ ದುಬಾರಿ ನಂಬಿಕೆ. ಇಲ್ಲಿ ಎಷ್ಟೋ ಸಲ ಕಳ್ಳ ಕಂಟ್ರೋಲಿನ ಒಳಗಿರುವುದಿಲ್ಲ, ಅದರ ಹಿಂದೆ ಕೂತ ಕಂಡೆನ್ಸರ್. ಹಾಡನ್ನು ಮುಂದೆ ಬಿಟ್ಟು ಡಿ.ಸಿ. ಕರೆಂಟನ್ನು ತಡೆಯುವುದು ಅದರ ಕೆಲಸ. ಹಳತಾಗಿ ಸೋರತೊಡಗಿದರೆ ಡಿ.ಸಿ. ಕಾರ್ಬನ್ ಪಟ್ಟಿಯ ಮೇಲೆ ಹರಿಯುತ್ತದೆ, ಆಗ ಹೊಚ್ಚಹೊಸ ಕಂಟ್ರೋಲೂ ಕರಕರ ಎನ್ನುತ್ತದೆ. ಮಲ್ಟಿಮೀಟರಿನಲ್ಲಿ ಕಂಟ್ರೋಲಿನ ನಡುಗಾಲಿಗೂ ಗ್ರೌಂಡಿಗೂ ಮಧ್ಯೆ ಅಳೆದರೆ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಆದರೆ ಈ ಅಳತೆ ಸೆಟ್ಟು ಓಡುತ್ತಿರುವಾಗ ಮಾಡುವಂಥದ್ದು, ವಾಲ್ವ್ ರೇಡಿಯೋದಲ್ಲಿ ನೀವು ಮಾಡಲೇಬೇಡಿ. ಅಲ್ಲಿ ಇನ್ನೂರೈವತ್ತು ವೋಲ್ಟಿನವರೆಗೂ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಾದರೆ ಚಾಸಿಸ್ಸಿಗೇ ಕರೆಂಟು ಬರಬಹುದು. ಕೈ ಪಳಗಿದ ಮೆಕ್ಯಾನಿಕ್ಕಿಗೆ ಬಿಡಿ.

ಡಿ.ಸಿ. ಇಲ್ಲ, ತೊಳೆದದ್ದೂ ಆಯಿತು, ಆದರೂ ಪ್ರತಿ ಸಲ ಒಂದೇ ಜಾಗದಲ್ಲಿ ಹಾಡು ಕಡಿಯುತ್ತದೆ ಎಂದಾದರೆ ಆಗ ಮಾತ್ರ ಪಟ್ಟಿ ಸವೆದಿದೆ ಎನ್ನಿ. ಹೊಸದು ಹಾಕಿಸುವಾಗ ಬೆಲೆಯಷ್ಟೇ ಅಲ್ಲ, ಬಗೆಯನ್ನೂ ನೋಡಿ. ಜಪಾನಿನ ಪದ್ಧತಿಯಲ್ಲಿ ವಾಲ್ಯೂಮಿನದಕ್ಕೆ ಎ ಅಕ್ಷರ, ಬಿ ಬೇರೆ ಕೆಲಸದ್ದು. ಬಿ ಹಾಕಿದರೆ ಮೊದಲ ಕಾಲು ಸುತ್ತಿಗೇ ಸದ್ದು ಮಾಡು ಹಾರಿಸುತ್ತದೆ, ಉಳಿದ ಮುಕ್ಕಾಲು ದಂಡ.

ಪರಿಚಯದ ಮೈಕ್ ಸೆಟ್ಟಿನವರೊಬ್ಬರು ಆಟಿ ತಿಂಗಳ ಮಳೆಯಲ್ಲಿಯೂ ವಾರಕ್ಕೊಮ್ಮೆ ಗೋಣಿ ಸರಿಸಿ ಎಲ್ಲ ಗುಂಡಿಗಳನ್ನೂ ತಿರುಗಿಸಿಟ್ಟು ಬರುತ್ತಾರೆ. ಆ ಮಳೆಯಲ್ಲಿ ಕರೆಂಟು ಎಲ್ಲಿರುತ್ತದೆ ಎಂದು ಕೇಳಿದೆ. "ತಿರುಗಿಸ್ಲಿಕ್ಕೆ ಕರೆಂಟು ಯಾಕೆ ಮಾರಾಯ್ರೆ? ಇಲ್ಲದಿದ್ರೇ ಒಳ್ಳೇದಲ್ವಾ!"