ಓಲೆಗರಿಗಳ ಛಾಯಾಪ್ರತಿ ಮತ್ತು ಅನ್ಯ ಕ್ಯಾಮೆರಾದ ಮಸೂರ

ಷಟ್ಖಂಡಾಗಮದ ಧವಲಾಟೀಕೆಯ ಮೊದಲ ಸಂಪುಟವು 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದಾಗ ಸಂಪಾದಕರ ಮುಂದಿದ್ದುದು ಮೂಡುಬಿದಿರೆಯ ತಾಳೆಯೋಲೆಗಳಲ್ಲ, ಅವುಗಳ ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಅದು ಅಲ್ಲಿ ಇರಬೇಕಾದುದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಆ ಒಂದು ಪದವನ್ನು ಕುರಿತು ಪಂಡಿತವರ್ಗದಲ್ಲಿ ನಡೆದ ವಾದವಿವಾದ ಎಲ್ಲರಿಗೂ ತಿಳಿದದ್ದೇ. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ತಾಳೆ ನೋಡಿದಾಗ ಪದವು ಅಲ್ಲಿ ದೊರೆಯಿತು.

ಇಂದು ಸಂಪಾದಕನ ಮೇಜಿನ ಮೇಲೆ ಬರುವ ಪ್ರತಿಯು ಬಹುಮಟ್ಟಿಗೆ ಛಾಯಾಪ್ರತಿಯೇ. ಲಿಪಿಕಾರನಂತೆ ಕ್ಯಾಮೆರಾ ಪದವನ್ನು ಬಿಟ್ಟುಬಿಡುವುದಿಲ್ಲ, ನಿಜ. ಆದರೆ ಅದು ಮಸುಕುಗೊಳಿಸುತ್ತದೆ. ಹಳಗನ್ನಡ ಲಿಪಿಯಲ್ಲಿ 'ದ'ಕಾರಕ್ಕೂ 'ಧ'ಕಾರಕ್ಕೂ, 'ಪ'ಕಾರಕ್ಕೂ 'ಫ'ಕಾರಕ್ಕೂ ನಡುವೆ ಇರುವ ಭೇದ ಒಂದು ಸೀಳುಗೆರೆಯಷ್ಟೆ. ಗರಿಯ ನಡುವೆ ಅದು ಸ್ಪಷ್ಟವಾಗಿ ಕಂಡು, ಎರಡು ತುದಿಗಳಲ್ಲಿ ಕಾಣದಿದ್ದರೆ, ಪಂಕ್ತಿಯ ಕೊನೆಯ ಅಕ್ಷರಗಳನ್ನು ಓದುಗನು ಊಹಿಸಬೇಕಾಗುತ್ತದೆ. ಊಹೆಯು ಪಾಠವಾಗಿ ಅಚ್ಚಾದ ಬಳಿಕ ಅದನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಗ್ರಂಥಸಂಪಾದಕರಿಗೆ ಹೇಳಬೇಕಾಗಿಲ್ಲ.

ಅನೇಕ ಭಂಡಾರಗಳಲ್ಲಿಯೂ ಸಂಶೋಧನ ಸಂಸ್ಥೆಗಳಲ್ಲಿಯೂ ಫಿಲ್ಮಿನ ಕಾಲದ ಕ್ಯಾಮೆರಾ ಒಂದು ಬೀರುವಿನಲ್ಲಿ ಉಳಿದಿರುತ್ತದೆ. ಅದರೊಡನೆ ಸಮೀಪಚಿತ್ರಣಕ್ಕಾಗಿಯೇ ಮಾಡಿದ ಉತ್ತಮ ಮಸೂರವೂ ಇರುತ್ತದೆ. ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾ ಬೇರೆ ಕಂಪನಿಯದು. ಹಳೆಯ ಮಸೂರ ಅದಕ್ಕೆ ಕೂಡುವುದಿಲ್ಲವೆಂದು ಹೊಸ ಮಸೂರಕ್ಕೆ ಹಣ ತೆರುವುದು ವಾಡಿಕೆಯಾಗಿದೆ. ಓಲೆಗರಿಯ ಕೆಲಸಕ್ಕೆ ಈ ವೆಚ್ಚ ಬಹುತೇಕ ಅನಾವಶ್ಯಕ. ಕ್ಯಾಮೆರಾದ ಒಡಲು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ; ಒಳ್ಳೆಯ ಗಾಜು ಹಾಗಲ್ಲ. ನಿಕಾನ್ ಕಂಪನಿಯ ಮೈಕ್ರೋ-ನಿಕ್ಕೊರ್ ಮಸೂರವನ್ನೇ ನೋಡಬಹುದು. 1956ರಲ್ಲಿ ಅದರ ಮೊದಲ ರೂಪ ಹೊರಬಂದುದು ಜಪಾನಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುವ ಅಗತ್ಯದಿಂದ. ರೋಮನ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಮಸೂರಗಳು ಒತ್ತೊತ್ತಾದ ಗೆರೆಗಳುಳ್ಳ ಕಾಂಜಿ ಲಿಪಿಯನ್ನು ಬಿಡಿಸಿ ತೋರಿಸಲು ಸಾಕಾಗುತ್ತಿರಲಿಲ್ಲ. 1961ರಿಂದ ಅದು 55 ಮಿ.ಮೀ. ಮಸೂರವಾಗಿ ನಿಕಾನ್ ಎಫ್ ಕ್ಯಾಮೆರಾಗಳಿಗೆ ದೊರೆಯಿತು. ಲಿಪಿಗಾಗಿಯೇ ಹುಟ್ಟಿದ ಮಸೂರ ಓಲೆಗರಿಗೆ ಒದಗುವುದು ಸಹಜವೇ ಆಗಿದೆ.

ಒಂದು ಕಂಪನಿಯ ಮಸೂರ ಇನ್ನೊಂದರ ಒಡಲಿಗೆ ಏಕೆ ಕೂಡುವುದಿಲ್ಲ? ಕೊಕ್ಕೆಗಳ ಆಕಾರ ಬೇರೆ ಎಂಬುದು ಗೌಣ ಕಾರಣ. ಮುಖ್ಯವಾದುದು ದೂರ. ಮಸೂರ ಕೂಡುವ ಲೋಹದ ಬಳೆಯಿಂದ ಸೆನ್ಸರಿನವರೆಗಿನ ಅಂತರವನ್ನು ಪ್ರತಿಯೊಂದು ಕಂಪನಿಯೂ ತನ್ನದೇ ರೀತಿಯಲ್ಲಿ ಗೊತ್ತುಪಡಿಸಿದೆ. ನಿಕಾನ್ ಎಫ್‌ನಲ್ಲಿ ಅದು 46.5 ಮಿ.ಮೀ.; ಒಲಿಂಪಸ್ ಓಎಂನಲ್ಲಿ 46; ಪೆಂಟ್ಯಾಕ್ಸ್‌ನಲ್ಲಿಯೂ ಹಳೆಯ ಎಂ42 ತಿರುಪಿನ ಕ್ಯಾಮೆರಾಗಳಲ್ಲಿಯೂ 45.46, ಕ್ಯಾನನ್ ಇಎಫ್‌ನಲ್ಲಿ 44, ಕ್ಯಾನನ್ನಿನದೇ ಹಳೆಯ ಎಫ್‌ಡಿಯಲ್ಲಿ 42. ಒಳಗನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ಇದು ಬಹಳ ಕಡಿಮೆ: ಸೋನಿ ಇಯಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16. ಮಸೂರದ ಅಂತರ ಒಡಲಿನದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸದಷ್ಟು ದಪ್ಪದ ಅಡಾಪ್ಟರ್ ಬಳೆಯನ್ನು ನಡುವೆ ಇಟ್ಟರೆ ಸಾಕು. ನಿಕಾನ್ ಎಫ್ ಮಸೂರಕ್ಕೂ ಕ್ಯಾನನ್ ಇಎಫ್ ಒಡಲಿಗೂ ನಡುವೆ 2.5 ಮಿ.ಮೀ., ಸೋನಿ ಇ ಒಡಲಿಗಾದರೆ 28.5 ಮಿ.ಮೀ. ಇದರಲ್ಲಿ ಗಾಜಿಲ್ಲ, ಕೇವಲ ಟೊಳ್ಳು ಬಳೆ.

ತೊಡಕು ಬರುವುದು ತಿರುವುಮುರುವಾದಾಗ. ಎಫ್‌ಡಿ ಮಸೂರವನ್ನು ಇಎಫ್ ಒಡಲಿಗೆ ಕೂಡಿಸಿದರೆ ಮಸೂರವು ಇರಬೇಕಾದುದಕ್ಕಿಂತ 2 ಮಿ.ಮೀ. ಮುಂದೆ ಇರುತ್ತದೆ, ಬಳೆಯ ದಪ್ಪವೂ ಅದಕ್ಕೆ ಸೇರುತ್ತದೆ. ಆಗ 'ಅನಂತ'ಕ್ಕೆ ಫೋಕಸ್ ಆಗುವುದಿಲ್ಲ. (ಆಗಮವಿದ್ವಾಂಸರ ಅನಂತವೇ ಬೇರೆ, ಛಾಯಾಗ್ರಾಹಕನ ಅನಂತ ಹೆಚ್ಚೆಂದರೆ ಎದುರಿನ ಬೆಟ್ಟ.) ಈ ಕೊರತೆಯನ್ನು ತುಂಬಲು ಅಡಾಪ್ಟರಿನೊಳಗೆ ಒಂದು ಗಾಜನ್ನು ಇಟ್ಟು ಮಾರುತ್ತಾರೆ. ಹಸ್ತಪ್ರತಿಯ ಛಾಯಾಗ್ರಾಹಕನು ಮಾಡಬೇಕಾದ ಮೊದಲ ಕೆಲಸ ಆ ಗಾಜನ್ನು ಬಿಚ್ಚಿ ತೆಗೆಯುವುದು. ಅಗ್ಗದ ಗಾಜು ಒಳ್ಳೆಯ ಮಸೂರದ ಗುಣವನ್ನು ಕೆಡಿಸುತ್ತದೆ; ಅದು ತಂದುಕೊಡುವ ಬೆಟ್ಟವಾದರೋ ಇಲ್ಲಿ ಯಾರಿಗೂ ಬೇಡ. ಲೆಕ್ಕ ಹಾಕಿದರೆ ಸಂಗತಿ ಸ್ಪಷ್ಟವಾಗುತ್ತದೆ. ಒಟ್ಟು 4 ಮಿ.ಮೀ. ಮುಂದೆ ಸರಿದ 50 ಮಿ.ಮೀ. ಮಸೂರವು ಸುಮಾರು 67 ಸೆಂ.ಮೀ.ಗಿಂತ ಆಚೆ ಇರುವುದನ್ನು ಕಾಣಲಾರದು. ಆದರೆ ಆ ದೂರದಲ್ಲಿ ಅದು 36 ಮಿ.ಮೀ. ಅಗಲದ ಸೆನ್ಸರಿನ ಮೇಲೆ 45 ಸೆಂ.ಮೀ. ಉದ್ದದ ಗರಿಯನ್ನು ಪೂರ್ಣವಾಗಿ ಮೂಡಿಸುತ್ತದೆ. ಮದುವೆಯ ಛಾಯಾಗ್ರಾಹಕನು ಕೆಲಸಕ್ಕೆ ಬಾರದೆಂದು ಬದಿಗಿಡುವ ಜೋಡಣೆ ಓಲೆಗರಿಗೆ ಯಾವ ಕೊರತೆಯೂ ಇಲ್ಲದೆ ಒದಗುತ್ತದೆ.

ಇದಕ್ಕಿಂತಲೂ ಉದ್ದವಾದ ಗರಿಗಳನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಆಸೆಯನ್ನು ಬಿಡಬೇಕು. 60 ಸೆಂ.ಮೀ. ಗರಿಯನ್ನು 6000 ಬಿಂದುಗಳ ಅಗಲದ ಸೆನ್ಸರಿನಲ್ಲಿ ಒಮ್ಮೆಗೇ ತೆಗೆದರೆ ಮಿಲಿಮೀಟರಿಗೆ 10 ಬಿಂದುಗಳು ಮಾತ್ರ. ಅಕ್ಷರದ ಎತ್ತರ 3 ಮಿ.ಮೀ. ಆದರೆ 30 ಬಿಂದುಗಳು. ಮಹಾಪ್ರಾಣದ ಸೀಳುಗೆರೆಗೆ ಮೂರು ಬಿಂದು ದಕ್ಕಿದರೆ ಪುಣ್ಯ. ಅದೇ ಗರಿಯನ್ನು ನಡುವೆ ಕೊಂಚ ಮೇಲ್ಹೊಂದಿಕೆ ಇರುವಂತೆ 32 ಸೆಂ.ಮೀ.ಗಳ ಎರಡು ಚಿತ್ರಗಳಾಗಿ ತೆಗೆದರೆ ಬಿಂದುಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಗರಿಗಳು ಸಾವಿರಾರು ಇದ್ದಾಗ ಇದು ಬೇಸರದ ಕೆಲಸವೇ ಸರಿ. ಆದರೆ ಜೀರ್ಣವಾದ ಗರಿಯನ್ನು ಎರಡನೆಯ ಸಲ ಕಟ್ಟು ಬಿಚ್ಚಿ ಹರಡುವುದಕ್ಕಿಂತ ಮೊದಲನೆಯ ಸಲವೇ ಎರಡು ಚಿತ್ರ ತೆಗೆಯುವುದು ಲೇಸು.

ಅನ್ಯ ಮಸೂರದ ನಿಜವಾದ ಅಪಾಯ ಬಳೆಯ ದಪ್ಪದಲ್ಲಿಲ್ಲ, ಅದರ ಎರಡು ಮುಖಗಳ ಸಮಾಂತರತೆಯಲ್ಲಿದೆ. ಅನಂತಕ್ಕೆ ತಪ್ಪದೆ ಫೋಕಸ್ ಆಗಲೆಂದು ತಯಾರಕರು ಬಳೆಗಳನ್ನು ಸ್ವಲ್ಪ ತೆಳುವಾಗಿಯೇ ಮಾಡುವುದುಂಟು. ಗರಿಯ ಮೇಲೆ ಫೋಕಸ್ ಮಾಡುವಾಗ ಅದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಒಂದು ಬದಿ ಇನ್ನೊಂದಕ್ಕಿಂತ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ದಪ್ಪವಾಗಿದ್ದರೂ ಮಸೂರ ಓರೆಯಾಗುತ್ತದೆ; ರಂಧ್ರವನ್ನು ಪೂರ್ತಿ ತೆರೆದಾಗ ಗರಿಯ ಎಡತುದಿ ಸ್ಪಷ್ಟವಾಗಿ, ಬಲತುದಿ ಮಂಕಾಗಿ ಬರುತ್ತದೆ. ಪರೀಕ್ಷೆ ಸುಲಭ. ಸಣ್ಣ ಅಚ್ಚಿನ ಪುಟವೊಂದನ್ನು ಗರಿಯ ಜಾಗದಲ್ಲಿಟ್ಟು, ಕ್ಯಾಮೆರಾ ಮೇಜಿಗೆ ನೇರವಾಗಿದೆಯೆಂದು ಮೊದಲು ಖಚಿತಮಾಡಿಕೊಂಡು, ಪೂರ್ಣ ರಂಧ್ರದಲ್ಲಿ ನಾಲ್ಕು ಮೂಲೆಗಳನ್ನೂ ಹೋಲಿಸಬೇಕು. ನೇರವನ್ನು ನೋಡಲು ಒಂದು ಚಪ್ಪಟೆ ಕನ್ನಡಿಯನ್ನು ಮೇಜಿನ ಮೇಲಿಟ್ಟರಾಯಿತು: ಮಸೂರದ ಪ್ರತಿಬಿಂಬ ಚಿತ್ರದ ನಟ್ಟನಡುವೆ ಕಾಣಬೇಕು. ಅಲ್ಪಸ್ವಲ್ಪ ಓರೆಯನ್ನು ಎಫ್/8ರ ರಂಧ್ರ ಮುಚ್ಚಿಹಾಕುತ್ತದೆ. ಎಫ್/16ಕ್ಕೆ ಹೋಗಬಾರದು; ಅಲ್ಲಿ ಬೆಳಕಿನ ವಿವರ್ತನೆಯೇ ಅಕ್ಷರದ ಅಂಚನ್ನು ಮೆದುವಾಗಿಸುತ್ತದೆ. ಎಫ್/8ರಲ್ಲಿಯೂ ಮೂಲೆ ಮಂಕಾದರೆ ಬಳೆಯನ್ನು ಬದಲಿಸಬೇಕು, ಮಸೂರವನ್ನು ದೂಷಿಸಬಾರದು.

ಬಳೆಯ ಒಳಮೈ ಹೊಳೆಯುತ್ತಿದ್ದರೆ ಇನ್ನೊಂದು ದೋಷ. ಒಳಗೆ ಚದುರಿದ ಬೆಳಕು ಇಡೀ ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಮಸಿ ತುಂಬಿದ ಗರಿಯಲ್ಲಿ ಇದನ್ನು ಸಹಿಸಬಹುದು. ಕಂಟದಿಂದ ಕೊರೆದು ಮಸಿ ತುಂಬದ, ಅಥವಾ ಮಸಿ ಅಳಿದುಹೋದ ಗರಿಗಳಲ್ಲಿ ಓರೆಬೆಳಕಿನಿಂದ ಮೂಡುವ ತೆಳುನೆರಳೇ ಅಕ್ಷರ. ಆ ನೆರಳು ಹೋದರೆ ಅಕ್ಷರವೂ ಹೋಯಿತು. ಬಳೆಯ ಒಳಗೆ ಹೊಳಪಿಲ್ಲದ ಕಪ್ಪು ಮಕಮಲ್ಲು ಕಾಗದವನ್ನು ಅಂಟಿಸುವುದೂ ಗರಿಯ ಕೆಳಗೆ ಬಿಳಿಯ ಬದಲು ಕಪ್ಪು ಬಟ್ಟೆಯನ್ನು ಹಾಸುವುದೂ ಇದಕ್ಕೆ ಪರಿಹಾರ.

ಬಳಕೆಯ ಕ್ರಮ ಹೆಚ್ಚು ಹೇಳುವಷ್ಟಿಲ್ಲ. ರಂಧ್ರವನ್ನು ಮಸೂರದ ಮೇಲಿನ ಬಳೆಯಿಂದಲೇ ತಿರುಗಿಸಬೇಕು. ಆ ಬಳೆ ಇಲ್ಲದ ಈಚಿನ ಮಸೂರಗಳು ಈ ಕೆಲಸಕ್ಕೆ ಅನುಕೂಲವಲ್ಲ. ಮಸೂರವಿಲ್ಲದೆಯೂ ಚಿತ್ರ ತೆಗೆಯಲು ಅನುಮತಿಸುವ ವ್ಯವಸ್ಥೆಯನ್ನು ಕ್ಯಾಮೆರಾದಲ್ಲಿ ತೆರೆದಿಡಬೇಕು, ಏಕೆಂದರೆ ಅನ್ಯ ಮಸೂರವನ್ನು ಅದು ಗುರುತಿಸದು. ಫೋಕಸನ್ನು ಚಿತ್ರ ತೆಗೆಯುವ ರಂಧ್ರದಲ್ಲಿಯೇ, ಹಿಂಬದಿಯ ಪರದೆಯಲ್ಲಿ ಹಿಗ್ಗಿಸಿ ನೋಡಿ ಕೈಯಿಂದ ಮಾಡಬೇಕು. ಮೈಕ್ರೋ-ನಿಕ್ಕೊರಿನ ಎರಡು ರೂಪಗಳಲ್ಲಿ ಎಫ್/2.8ಕ್ಕಿಂತ ಹಳೆಯ ಎಫ್/3.5 ಈ ಕೆಲಸಕ್ಕೆ ಮೇಲು. ಎಫ್/2.8ರಲ್ಲಿ ಫೋಕಸ್ ಮಾಡುವಾಗ ಒಳಗಾಜುಗಳ ನಡುವಿನ ಅಂತರವೂ ಬದಲಾಗುವುದರಿಂದ ಬಳೆಯ ದಪ್ಪ ತಪ್ಪಿದರೆ ಆ ತಿದ್ದುಪಡಿಯೂ ತಪ್ಪುತ್ತದೆ. ಜೊತೆಗೆ ರಂಧ್ರದ ಎಲೆಗಳ ಮೇಲೆ ಎಣ್ಣೆ ಹರಿದು ಅಂಟುವ ರೋಗವೂ ಅದಕ್ಕೆ ಉಂಟು. ಕರಾವಳಿಯ ಮಳೆಗಾಲದಲ್ಲಿ ಯಾವ ಮಸೂರಕ್ಕಾದರೂ ಬೂಷ್ಟು ಹಿಡಿಯುವುದರಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡಬೇಕು.

ಅಡಾಪ್ಟರಿನ ಬದಲು ಮಸೂರದ ಹಿಂಬಳೆಯನ್ನೇ ಬಿಚ್ಚಿ ಹೊಸ ಒಡಲಿನ ಬಳೆಯನ್ನು ತಿರುಪಿನಿಂದ ಕೂಡಿಸುವ ಪದ್ಧತಿಯೂ ಇದೆ. ಇದರಿಂದ ಅಲುಗಾಟ ಕಡಿಮೆ. ಒಂದೇ ಮಸೂರವನ್ನು ಒಂದೇ ನಿಲುವಿನ ಮೇಲೆ ವರ್ಷಗಟ್ಟಲೆ ಬಳಸುವ ಸಂಸ್ಥೆಗೆ ಇದು ಹೊಂದುತ್ತದೆ. ಮುಂದೆ ಒಡಲು ಬದಲಾದಾಗ ಬೇಕಾಗುವುದರಿಂದ ತೆಗೆದ ಬಳೆಯನ್ನೂ ತಿರುಪುಗಳನ್ನೂ ಮಸೂರದ ಡಬ್ಬಿಯಲ್ಲಿಯೇ ಕಾಪಾಡಬೇಕು.

ಇನ್ನು ದಾಖಲೆಯ ವಿಚಾರ. ಕ್ಯಾಮೆರಾ ತನ್ನ ಮಸೂರವಾದರೆ ಅದರ ಹೆಸರನ್ನೂ ರಂಧ್ರವನ್ನೂ ಚಿತ್ರದ ಕಡತದೊಳಗೆ ತಾನೇ ಬರೆದಿಡುತ್ತದೆ. ಅನ್ಯ ಮಸೂರವಾದರೆ ಆ ಸ್ಥಳ ಬರಿದಾಗಿರುತ್ತದೆ. ಆದ್ದರಿಂದ ಪ್ರತಿಯೊಂದು ಕಟ್ಟಿನ ಆರಂಭದಲ್ಲಿಯೂ ಗ್ರಂಥದ ಹೆಸರು, ಕಟ್ಟಿನ ಸಂಖ್ಯೆ, ಗರಿಗಳ ಸಂಖ್ಯೆಗಳೊಡನೆ ಮಸೂರ, ಅಡಾಪ್ಟರು, ರಂಧ್ರ, ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದು, ಅದರ ಪಕ್ಕದಲ್ಲಿ ಅಳತೆಪಟ್ಟಿಯನ್ನು ಇಟ್ಟು, ಮೊದಲ ಚಿತ್ರವಾಗಿ ಅದನ್ನೇ ತೆಗೆಯಬೇಕು. ಮುಂದಿನ ಸಂಪಾದಕನಿಗೆ ಬಲತುದಿಯ ಒಂದು ಅಕ್ಷರದಲ್ಲಿ ಸಂದೇಹ ಬಂದಾಗ, ದೋಷ ಗರಿಯದೋ ಬಳೆಯದೋ ಎಂಬುದನ್ನು ಆ ಚೀಟಿಯಿಂದ ವಿಚಾರಿಸಲು ಸಾಧ್ಯವಾಗುತ್ತದೆ.